ಗ್ಯಾಸ್ ಗೀಸರ್ ‘ಇ1’ ತೋರಿಸಿದರೆ ಏನು ಮಾಡುವುದು?

ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಹಳೇ ಮನೆಗಳಲ್ಲಿ ಬಚ್ಚಲಿನ ಹಂಡೆ ಇನ್ನೂ ಹೋಗಿಲ್ಲ. ತೋಟ ಇದ್ದವರಿಗೆ ಸೋಗೆ, ಮಡಲು, ತೆಂಗಿನ ಸಿಪ್ಪೆಗೆ ಬರವೂ ಇಲ್ಲ. ಆದರೆ ಜಡಿಮಳೆಯ ಆಟಿ ತಿಂಗಳಲ್ಲಿ ಒಣಗಿದ್ದು ಏನೂ ಸಿಗುವುದಿಲ್ಲ, ಕರೆಂಟನ್ನು ನಂಬುವ ಹಾಗಿಲ್ಲ. ಹೀಗೆ ಗ್ಯಾಸ್ ಗೀಸರ್ ಬಂತು. ಹಂಡೆಯ ಒಲೆ ಉರಿಯದಿದ್ದರೆ ಯಾಕೆ ಅಂತ ಕಣ್ಣಿಗೇ ಕಾಣುತ್ತದೆ. ಗೀಸರ್ ಕೈಕೊಟ್ಟರೆ ಪುಟ್ಟ ಪರದೆಯಲ್ಲಿ ‘ಇ1’ ಅಂತ ಮಿನುಗುತ್ತದೆ, ಅಷ್ಟೇ. ತಲೆಗೆ ಸೋಪು ಹಾಕಿಕೊಂಡು ನಿಂತವರಿಗೆ ಅದರಿಂದ ಏನು ಪ್ರಯೋಜನ?

ಇದೆ. ಹಾಗಂತ ಕೋಡ್‌ಗಳ ಪಟ್ಟಿ ಬಾಯಿಪಾಠ ಮಾಡಬೇಕಾಗಿಲ್ಲ. ಅದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಗೀಸರ್ ಯಾವ ಕ್ರಮದಲ್ಲಿ ಕೆಲಸ ಮಾಡುತ್ತದೆ ಅಂತ ಗೊತ್ತಿದ್ದರೆ ಸಾಕು. ಆ ಕ್ರಮದಲ್ಲಿ ಎಲ್ಲಿಗೆ ಬಂದು ನಿಂತಿತು ಅನ್ನುವುದನ್ನು ಕೋಡ್ ಹೇಳುತ್ತದೆ.

ಮೊದಲು ಮೂಗಿಗೆ ಕೆಲಸ ಕೊಡಿ. ಗ್ಯಾಸ್ ವಾಸನೆ ಬರುತ್ತಿದ್ದರೆ ಕೋಡ್ ಓದುತ್ತಾ ನಿಲ್ಲಬೇಡಿ. ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದಿಟ್ಟು ಹೊರಗೆ ಬನ್ನಿ. ಎಲ್‌ಪಿಜಿ ಗಾಳಿಗಿಂತ ಭಾರ, ಕೆಳಗೇ ಹರಡಿಕೊಂಡಿರುತ್ತದೆ. ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಗ್ಯಾಸ್ ಸೋರಿಕೆಗೆಂದೇ ಇರುವ ನಂಬರ್ ಅದು.

ವಾಸನೆ ಇಲ್ಲವೇ? ಹಾಗಾದರೆ ಕೋಡಿನ ಒಂದು ಫೋಟೊ ತೆಗೆದುಕೊಳ್ಳಿ. ನಲ್ಲಿ ನಿಲ್ಲಿಸಿದರೆ ಅದು ಎಷ್ಟೋ ಸಲ ಮಾಯವಾಗುತ್ತದೆ. ಒಂದು ನಿಮಿಷ ಬಿಟ್ಟು ಮತ್ತೆ ನಲ್ಲಿ ತಿರುಗಿಸಿ. ಈ ಸಲ ಗೀಸರಿನ ಪಕ್ಕದಲ್ಲೇ ನಿಂತು ಕಿವಿಗೊಟ್ಟು ಕೇಳಿ. ಒಂದೆರಡು ಸಲ ನೋಡಿ, ಸಾಕು. ಸುಮ್ನೆ ಹತ್ತು ಸಲ ಪ್ರಯತ್ನಿಸಿದರೆ ಉರಿಯದ ಗ್ಯಾಸ್ ಒಳಗೆ ಸೇರಿಕೊಂಡು, ಕೊನೆಗೊಮ್ಮೆ ಕಿಡಿ ತಾಗಿದಾಗ ‘ಢಬ್’ ಅನ್ನುತ್ತದೆ.

ಒಳಗೆ ನಡೆಯುವುದು ಇಷ್ಟು. ನೀರು ಹರಿದಾಗ ಅದರ ಒತ್ತಡಕ್ಕೆ ಒಳಗಿನ ರಬ್ಬರ್ ವಾಷರ್ ಉಬ್ಬಿ ಮೈಕ್ರೋ ಸ್ವಿಚ್ಚನ್ನು ಒತ್ತುತ್ತದೆ. ಗೀಸರಿಗೆ ಎಚ್ಚರ ಆಗುವುದು ಆಗಲೇ. ಕರೆಂಟಿನ ಪ್ಲಗ್ ಇರುವ ಮಾಡೆಲ್ ಆದರೆ ಮೊದಲು ಫ್ಯಾನ್ ತಿರುಗಿ ಹೊಗೆ ಹೋಗುವ ದಾರಿ ಸರಿ ಇದೆಯೇ ಅಂತ ನೋಡುತ್ತದೆ. ಆಮೇಲೆ ಟಿಕ್‌ಟಿಕ್ ಅಂತ ಕಿಡಿ. ಅದರ ಜೊತೆಗೇ ಗ್ಯಾಸಿನ ವಾಲ್ವ್ ತೆರೆದು ಉರಿ ಹತ್ತುತ್ತದೆ. ಉರಿಯ ಬಾಯಿಗೆ ಚಾಚಿಕೊಂಡಿರುವ ಸಣ್ಣ ಕಡ್ಡಿಯೊಂದು ‘ಹತ್ತಿದೆ’ ಅಂತ ಸುದ್ದಿ ಮುಟ್ಟಿಸುತ್ತದೆ. ಕೊನೆಗೆ ಬಿಸಿ ಅಳೆಯುವ ಸೆನ್ಸರ್ ಕಾವಲಿಗೆ ಕೂರುತ್ತದೆ.

ಟಿಕ್‌ಟಿಕ್ಕೂ ಇಲ್ಲ, ಕೋಡೂ ಇಲ್ಲ ಅಂದರೆ ಗೀಸರಿಗೆ ಎಚ್ಚರವೇ ಆಗಿಲ್ಲ. ಗ್ಯಾಸ್ ಏಜೆನ್ಸಿಗೆ ಫೋನ್ ಮಾಡಿ ಉಪಯೋಗವಿಲ್ಲ. ನೀರಿನ ಒತ್ತಡ ಸಾಲುತ್ತಿಲ್ಲ, ಇಲ್ಲವೇ ಕಿಡಿ ಕೊಡುವ ಬ್ಯಾಟರಿ ಪೂರ್ತಿ ಸತ್ತಿದೆ. ನಮ್ಮ ಕಡೆ ಇದು ಜಾಸ್ತಿ. ಬಾಯಾರು, ಎಣ್ಮಕಜೆ ಕಡೆ ಗುಡ್ಡಕ್ಕೆ ಕೊರೆದ ಸುರಂಗದ ನೀರು ಪಂಪಿಲ್ಲದೆ ಪೈಪಿನಲ್ಲಿ ತಾನಾಗಿ ಇಳಿದು ಬರುವ ಮನೆಗಳಿವೆ. ಚೆಂದದ ವ್ಯವಸ್ಥೆ. ಆದರೆ ಗೀಸರಿಗೆ ಬೇಕಾಗಿರುವುದು ಎತ್ತರ. 10 ಮೀಟರ್ ಎತ್ತರದಿಂದ ಇಳಿವ ನೀರಿಗೆ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ, ಅಂದರೆ ಸುಮಾರು 1 ಬಾರ್ ಒತ್ತಡ ಇರುತ್ತದೆ. ಟ್ಯಾಂಕಿ ಬಚ್ಚಲಿನ ಮಾಡಿನ ಮೇಲೇ ಕೂತಿದ್ದರೆ ಗೀಸರಿನ ತಲೆಯ ಮೇಲೆ ಸಿಗುವುದು ಒಂದು ಮೀಟರ್ ಮಾತ್ರ. ಹೆಚ್ಚಿನ ಗೀಸರ್‌ಗಳು ಅಷ್ಟಕ್ಕೆ ಏಳುವುದಿಲ್ಲ. ಟ್ಯಾಂಕಿಯನ್ನು ಇನ್ನೆರಡು ಮೀಟರ್ ಎತ್ತರಿಸಬೇಕು, ಇಲ್ಲವೇ ಸಣ್ಣ ಬೂಸ್ಟರ್ ಪಂಪು ಇಡಬೇಕು.

ಮೊದಲು ಸರಿಯಾಗಿದ್ದು ಈಗ ನಿಂತಿದ್ದರೆ ಜಾಲರಿ ನೋಡಿ. ನೀರು ಒಳಗೆ ಹೋಗುವ ಬಾಯಲ್ಲಿ ಸಣ್ಣ ಜಾಲರಿ ಇರುತ್ತದೆ. ಮುರಕಲ್ಲಿನ ಮಣ್ಣು, ಬಾವಿ ನೀರಿನ ಕೆಂಪು ಗಸಿ ಬಂದು ಕೂರುವುದು ಅಲ್ಲೇ. ವಾಲ್ವ್ ಬಂದ್ ಮಾಡಿ, ಪೈಪು ಬಿಚ್ಚಿ, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ ತೊಳೆಯಿರಿ. ಮಳೆಗಾಲದ ಮೊದಲ ಕದಡು ನೀರು ಬಂದ ಮೇಲೆ ಇದನ್ನು ಮಾಡಲೇಬೇಕು. ಶವರ್ ತೂತುಗಳು ಕಟ್ಟಿಕೊಂಡರೂ ಕತೆ ಇದೇ. ನೀರು ಹೊರಗೆ ಹೋಗದಿದ್ದರೆ ಹರಿವು ಹುಟ್ಟುವುದೇ ಇಲ್ಲ, ಅಲ್ವಾ?

ಟಿಕ್‌ಟಿಕ್ ಕೇಳುತ್ತದೆ, ಉರಿ ಹತ್ತುವುದಿಲ್ಲ. ಹೆಚ್ಚಿನ ಮಾಡೆಲ್‌ಗಳಲ್ಲಿ ಇ1 ಅಂದರೆ ಇದೇ. ಸಿಲಿಂಡರ್ ಈಗಷ್ಟೇ ಬದಲಿಸಿದ್ದರೆ ಟ್ಯೂಬಿನಲ್ಲಿ ಗಾಳಿ ಇರುತ್ತದೆ. ಎರಡನೇ ಮೂರನೇ ಸಲಕ್ಕೆ ಹತ್ತುತ್ತದೆ. ‘ಒಲೆ ಉರಿಯುತ್ತಿದೆಯಲ್ಲ, ಗ್ಯಾಸ್ ಇದೆ’ ಅಂತ ವಾದಿಸುವವರು ಬಹಳ. ಒಂದು ಒಲೆಗೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಗ್ಯಾಸನ್ನು ಗೀಸರ್ ಒಂದೇ ಸಲಕ್ಕೆ ಎಳೆಯುತ್ತದೆ. ತಳ ಕಂಡ ಸಿಲಿಂಡರ್ ಚಹಾ ಕಾಯಿಸೀತು, ಸ್ನಾನಕ್ಕೆ ಆಗಲಿಕ್ಕಿಲ್ಲ. ಡಿಸೆಂಬರ್ ಬೆಳಗಿನ ಚಳಿಯಲ್ಲಂತೂ ಒಳಗಿನ ದ್ರವ ಅನಿಲ ಆಗುವುದೇ ನಿಧಾನ. ಸಿಲಿಂಡರನ್ನು ಮಲಗಿಸುವುದು, ಅದಕ್ಕೆ ಬಿಸಿನೀರು ಹೊಯ್ಯುವುದು ಯಾವ ಕಾರಣಕ್ಕೂ ಬೇಡ.

ಬ್ಯಾಟರಿಯದ್ದೂ ಹಾಗೇ. ಕಿಡಿ ಹಾರುವಷ್ಟು ಜೀವ ಇದ್ದರೂ ವಾಲ್ವನ್ನು ತೆರೆದು ಹಿಡಿಯುವಷ್ಟು ಇರುವುದಿಲ್ಲ. ಎರಡೂ ದೊಡ್ಡ ಸೆಲ್‌ಗಳನ್ನು ಒಟ್ಟಿಗೇ ಬದಲಿಸಿ. ಒಂದು ಹಳತು ಒಂದು ಹೊಸತು ಹಾಕುವ ಉಳಿತಾಯ ಇಲ್ಲಿ ಬೇಡ. ಜೂನ್ ನಂತರ ಸೆಲ್ ಕೂರುವ ತಗಡಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಒಣ ಬಟ್ಟೆಯಲ್ಲಿ ಚೆನ್ನಾಗಿ ಉಜ್ಜಿ.

ಉರಿ ಹತ್ತಿ ಕೆಲವೇ ಸೆಕೆಂಡಿನಲ್ಲಿ ಆರುತ್ತಿದ್ದರೆ ಆ ಕಡ್ಡಿಯ ಮೇಲೆ ಅನುಮಾನ. ಬೆಂಕಿಯ ಮೂಲಕ ಹರಿಯುವ ಅತಿ ಸಣ್ಣ ಕರೆಂಟನ್ನು ಅದು ಹಿಡಿಯುತ್ತದೆ. ಮಸಿ ಅಂಟಿದರೆ, ತೇವ ಕೂತರೆ, ಎದುರಿಗೆ ಉರಿ ಇದ್ದರೂ ಗೀಸರಿಗೆ ಕಾಣುವುದಿಲ್ಲ. ಇದು ಕವಚ ಬಿಚ್ಚುವ ಕೆಲಸ, ಮೆಕ್ಯಾನಿಕ್‌ಗೆ ಬಿಡಿ. ಇಪ್ಪತ್ತು ನಿಮಿಷ ಚೆನ್ನಾಗಿ ಉರಿದು ಆರಿದರೆ ಗಾಬರಿ ಬೇಡ. ಅನೇಕ ಗೀಸರ್‌ಗಳಲ್ಲಿ ಅಷ್ಟು ಹೊತ್ತಿಗೆ ತಾನೇ ಆರುವ ಟೈಮರ್ ಇದೆ. ನೀರು ವಿಪರೀತ ಬಿಸಿಯಾಗಿ ನಿಂತರೆ ಹರಿವು ಹೆಚ್ಚಿಸಿ, ಗ್ಯಾಸ್ ತಿರುಗಣೆ ಕಡಿಮೆ ಮಾಡಿ.

ಕ್ರಮ ತಿಳಿದರೆ ಬೇರೆ ಊರಿನ ಯಂತ್ರದ ಕೋಡೂ ಅರ್ಥವಾಗುತ್ತದೆ. ಜಪಾನಿನ ರಿನ್ನೈ ಕಂಪನಿಯ ಗೀಸರಿನಲ್ಲಿ 11 ಅಂದರೆ ಉರಿ ಹತ್ತಲಿಲ್ಲ, 12 ಅಂದರೆ ಹತ್ತಿದ್ದು ಆರಿತು. ಇಂಗ್ಲೆಂಡಿನಲ್ಲಿ ಮಗನೋ ಮಗಳೋ ಇರುವವರಿಗೆ ಅಲ್ಲಿಯ ಚಳಿಗಾಲದಲ್ಲಿ ‘ಬಾಯ್ಲರ್ ನಿಂತಿತು’ ಅಂತ ಫೋನ್ ಬರುವುದುಂಟು. ಬಾಯ್ಲರ್ ಅಂದರೆ ಅಲ್ಲಿ ಮನೆಯನ್ನೂ ನೀರನ್ನೂ ಬಿಸಿ ಮಾಡುವ ಯಂತ್ರ. ವೈಲಾಂಟ್ ಕಂಪನಿಯ ಬಾಯ್ಲರಿನಲ್ಲಿ ಎಫ್22 ಅಂದರೆ ನೀರಿನ ಒತ್ತಡ ಇಳಿದಿದೆ. ತಣ್ಣಗಿರುವಾಗ ಗೇಜ್ 1ರಿಂದ 1.5 ಬಾರ್ ತೋರಿಸಬೇಕು. ಎಫ್28 ನಮ್ಮ ಇ1ರ ಅಣ್ಣ, ಉರಿ ಹತ್ತಲಿಲ್ಲ ಅಂತ. ಅಲ್ಲಿ ಹೊರಗೋಡೆಯ ಸಣ್ಣ ನೀರಿಳಿ ಪೈಪು ಹಿಮಗಟ್ಟಿದರೂ ಇದು ಬರುತ್ತದೆ. ಆ ಪೈಪಿಗೆ ಬೆಚ್ಚನೆಯ ನೀರು ಹೊಯ್ದರೆ ಬಿಡುತ್ತದೆ, ಕುದಿನೀರು ಬೇಡ. ಕವಚ ತೆಗೆಯುವ ಕೆಲಸ ಅಲ್ಲಿಯ ‘ಗ್ಯಾಸ್ ಸೇಫ್’ ಪಟ್ಟಿಯಲ್ಲಿ ನೋಂದಣಿ ಇರುವ ಎಂಜಿನಿಯರಿಗೇ.

ಹೊಗೆ ದಾರಿಯ ಕೋಡನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಫ್ಯಾನಿನದ್ದೋ ಹೊಗೆ ಕೊಳವೆಯದ್ದೋ ಕೋಡ್ ಬಂದರೆ ಹೊರಗಿನ ತುದಿಯನ್ನು ಅಂಗಳದಿಂದ ನೋಡಿ. ಬೇಸಿಗೆ ರಜೆಯಲ್ಲಿ ಮನೆ ಮುಚ್ಚಿ ಹೋಗಿ ಬಂದರೆ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ, ಹಕ್ಕಿ ನಾರು ತುಂಬಿಸಿರುತ್ತದೆ. ಅದನ್ನು ತೆಗೆಸುವವರೆಗೆ ಗೀಸರ್ ಹಾಕಲೇಬೇಡಿ. ಉರಿ ನೀಲಿ ಇರಬೇಕು. ಹಳದಿಯಾದರೆ, ಮೇಲೆ ಮಸಿ ಕಂಡರೆ, ಗಾಳಿ ಸಾಲದೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಹುಟ್ಟುತ್ತಿರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅಗ್ಗದ ಗೀಸರಿನಲ್ಲಿ ಅದಕ್ಕೊಂದು ಕೋಡೂ ಇಲ್ಲ. ಸ್ನಾನ ಮಾಡುವಾಗ ತಲೆ ಭಾರ, ವಾಕರಿಕೆ ಅನಿಸಿದರೆ ನೀರು ನಿಲ್ಲಿಸಿ ಆ ಕ್ಷಣವೇ ಹೊರಗೆ ಬನ್ನಿ. ನನ್ನ ಕೇಳಿದರೆ ಗೀಸರನ್ನೂ ಸಿಲಿಂಡರನ್ನೂ ಬಚ್ಚಲಿನ ಹೊರಗೋಡೆಗೆ, ಮಾಡಿನ ಅಡಿಯಲ್ಲಿ ಇಟ್ಟು, ಬಿಸಿನೀರಿನ ಪೈಪನ್ನಷ್ಟೇ ಒಳಗೆ ತರುವುದು ಒಳ್ಳೆಯದು. ಚಳಿ ಅಂತ ವೆಂಟಿಲೇಟರಿಗೆ ಪ್ಲಾಸ್ಟಿಕ್ ಹೊಡೆಯುವುದು ಬೇಡವೇ ಬೇಡ.

ಇಷ್ಟಾದರೂ ಸರಿಯಾಗದಿದ್ದರೆ ಕಾಸರಗೋಡಿನಿಂದಲೋ ಮಂಗಳೂರಿನಿಂದಲೋ ಮೆಕ್ಯಾನಿಕ್ ಬರಬೇಕು. ಫೋನಿನಲ್ಲಿ ‘ಗೀಸರ್ ಹಾಳಾಗಿದೆ’ ಅಂತಷ್ಟೇ ಹೇಳಬೇಡಿ. ಕನ್ನಡವೋ ಮಲಯಾಳವೋ ತುಳುವೋ, ಯಾವ ಭಾಷೆಯಾದರೂ ಸರಿ, ಮಾಡೆಲ್ ಹೆಸರು, ಕೋಡ್, ಟಿಕ್‌ಟಿಕ್ ಕೇಳಿತೇ, ಉರಿ ಕಂಡಿತೇ, ಎಷ್ಟು ಸೆಕೆಂಡಿಗೆ ಆರಿತು, ಸೆಲ್ ಹೊಸದೇ, ಇಷ್ಟು ಹೇಳಿ. ಆಗ ಬೇಕಾದ ಪಾರ್ಟು ಹಿಡಿದುಕೊಂಡೇ ಬರುತ್ತಾರೆ. ಬಂದಾಗ ಗ್ಯಾಸ್ ಟ್ಯೂಬನ್ನೂ ತೋರಿಸಿ. ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬ್ ಆದರೂ ಐದು ವರ್ಷಕ್ಕೊಮ್ಮೆ ಬದಲಿಸಬೇಕು. ತಾರೀಕು ಅದರ ಮೈಮೇಲೇ ಅಚ್ಚಾಗಿರುತ್ತದೆ.