ಎರಡು ತಿಳಿನೀಲಿ, ಒಂದು ಹಾಲ್: ನನ್ನ ಅನುಭವ

ಗೋಡೆ ಪೇಂಟಿನ ಶೇಡ್ ಕಾರ್ಡಲ್ಲಿ ಎರಡು ನೀಲಿ ನೋಡಿ "ಎಂತ ಫರಕು ಮಾರಾಯ್ರೆ, ಎರಡೂ ಒಂದೇ" ಅನ್ನುವವರಿಗೆ ಇದು. ಕಾಪು ಹತ್ತಿರದ ಹಂಚಿನ ಮನೆ, ಹಾಲಿಗೆ ರೆಡ್ ಆಕ್ಸೈಡ್ ನೆಲ, ಕಿಟಕಿ ಎದುರು ಪೂರ್ತಿ ಅಡಿಕೆ ತೋಟ. ಮನೆಯ ಅಕ್ಕ ಆರಿಸಿಟ್ಟ ಎರಡು ಶೇಡಿನ ಎಲ್‌ಆರ್‌ವಿಯೂ (ಬಣ್ಣ ಎಷ್ಟು ಬೆಳಕು ವಾಪಸ್ ಕೊಡ್ತದೆ ಅನ್ನುವ ಅಂಕೆ, ನೂರಕ್ಕೆ) 55ರ ಆಸುಪಾಸು. ಅಂಗಡಿಯಲ್ಲಿ ಬಣ್ಣ ಬೆರೆಸುವ ಟಿಂಟಿಂಗ್ ಮಿಶನಿನ ಹುಡುಗನತ್ರ ಫಾರ್ಮುಲಾ ತೋರಿಸ್ಲಿಕ್ಕೆ ಹೇಳಿದೆ, ಒಂದಕ್ಕೆ ನೀಲಿಯೊಟ್ಟಿಗೆ ಕಪ್ಪು ಬೀಳ್ತದೆ, ಇನ್ನೊಂದಕ್ಕೆ ಸ್ವಲ್ಪ ಹಸಿರು. ಆಟ ಇರುದೇ ಅಲ್ಲಿ.

ಗೋಡೆ ಮೇಲೇ ಪ್ಯಾಚ್ ಹೊಡೆದು ನೋಡುದು ಎಲ್ಲರೂ ಮಾಡ್ತಾರೆ. ಹಳೇ ಕ್ರೀಮ್ ಬಣ್ಣದ ನಡುವೆ ಯಾವ ನೀಲಿಯೂ ಇದ್ದದ್ದಕ್ಕಿಂತ ಜಾಸ್ತಿ ನೀಲಿ ಕಾಣ್ತದೆ, ಮತ್ತೆ ಆ ಪ್ಯಾಚಿನ ಅಂಚು ಎರಡು ಕೋಟ್ ಆದ್ರೂ ಸೈಡ್ ಬೆಳಕಿಗೆ ಎದ್ದು ಕಾಣ್ತದೆ, ಉಜ್ಜಿಸ್ಲಿಕ್ಕೆ ಬೇರೆ ಕೂಲಿ. ಮಣಿಪಾಲದ ಒಂದು ಫ್ಲ್ಯಾಟಲ್ಲಿ ಹಾಗೇ ಓಕೆ ಆದ 20 ಲೀಟರ್ ಬಕೆಟ್, ಗೋಡೆಗೆ ಬಂದ ಮೇಲೆ ಪಾರ್ಟಿಗೆ ಬೇಡ ಆಯ್ತು. ಟಿಂಟ್ ಮಾಡಿದ್ದನ್ನು ಯಾವ ಅಂಗಡಿಯವ ವಾಪಸ್ ತಗೊಳ್ತಾನೆ? ಕೂಲಿ ಸೇರಿ ಹದಿನೈದು ಸಾವಿರದ ಹತ್ತಿರ ನೀರಿಗೆ ಹೋಯ್ತು.

ಕಾಪುವಲ್ಲಿ ಎರಡು ಹಾರ್ಡ್‌ಬೋರ್ಡ್ ತಂದೆ, 2 ಅಡಿ 3 ಅಡಿಯದ್ದು. ಪ್ರೈಮರ್, ಮೇಲೆ ಎರಡು ಕೋಟ್, ಸುತ್ತ ಎರಡಿಂಚು ಬಿಳಿ ಬಿಟ್ಟೆ. ಸ್ಯಾಂಪಲ್ ಡಬ್ಬಿ ಸೇರಿ ಸಾವಿರದೊಳಗೆ ಖರ್ಚು. ಮೇಸ್ತ್ರಿ "ಇದೆಂತ, ಹಲಗೆ ಹಿಡ್ಕೊಂಡು ಮನೆಯೆಲ್ಲ ತಿರುಗುದಾ" ಅಂತ ನಗಾಡಿದ. ಒಟ್ಟಿಗೆ ಇಡ್ಲಿಕ್ಕಿಲ್ಲ, ಒಂದೊಂದೇ ನಿಲ್ಲಿಸಿ ನೋಡ್ಬೇಕು. ಹಸಿರು ಬಿದ್ದದ್ದು ತೋಟದ ಬೆಳಕಿಗೆ ಬಾವಿಕಟ್ಟೆಯ ಪಾಚಿ ಹಾಗೆ ಆಯ್ತು, ರಾತ್ರಿ ವಾರ್ಮ್ ಎಲ್‌ಇಡಿ ಹಾಕಿದ್ರೆ ಇನ್ನೂ ಹಸಿರು. ಕಪ್ಪು ಬಿದ್ದದ್ದು ನೆಲಕ್ಕೆ ತಾಗಿಸಿದ ಕಡೆ ಒಂದಡಿ ನೇರಳೆಗೆ ತಿರುಗಿತು, ಅದ್ರಿಂದ ಮೇಲೆ ಒಳ್ಳೆ ತಣ್ಣಗಿನ ನೀಲಿ, ಆದ್ರೆ ಮಳೆ ಮೋಡದ ದಿನ ಸ್ವಲ್ಪ ಮಂಕು. ಅದನ್ನೇ ಹಿಡಿದು ಕಪ್ಪು ಕಮ್ಮಿ ಮಾಡಿಸಿದೆ. ಎಷ್ಟು ಅಂತ ಹೇಳುದಿಲ್ಲ, ನಮ್ಮದೂ ಹೊಟ್ಟೆಪಾಡು. ನೇರಳೆಗೆ ಮದ್ದು ಬಿಳಿ ಸ್ಕರ್ಟಿಂಗ್, ಅಂದ್ರೆ ಗೋಡೆಯ ಬುಡದ ಪಟ್ಟಿ.

ಮೊನ್ನೆ ಹೋದಾಗ ಅಕ್ಕ ಬಂದವರಿಗೆಲ್ಲ ಗೋಡೆ ತೋರಿಸ್ತಿದ್ರು. ಮೇಸ್ತ್ರಿ ಈಗ ಬೇರೆ ಸೈಟಿಗೆ ನನ್ನ ಬೋರ್ಡ್ ಕೇಳ್ತಾನೆ.

ಉಳಿದ ಟೈಮಲ್ಲಿ ಅವರ ಕೊಟ್ಟಿಗೆಗೆ ಸುಣ್ಣಕ್ಕೆ ಬಟ್ಟೆಯ ನೀಲಿ ಹಾಕಿ ಹೊಡೆದು ನೋಡಿದೆ. ಹಸಿ ಇರುವಾಗ ಕಡು, ಒಣಗಿದ್ರೆ ತಿಳಿ. ಬೋರ್ಡಿಗೆ ಹೊಡೆಯುವ ಇಮಲ್ಷನ್ (ನೀರು ಬೆರೆಸುವ ಗೋಡೆ ಪೇಂಟ್) ಉಲ್ಟಾ, ಒಣಗಿದ ಮೇಲೆಯೇ ಕಡು ಆಗುದು. ಹಾಗಾಗಿ ಮಳೆಗಾಲದಲ್ಲಿ ಬೋರ್ಡ್ ಮರುದಿನದವರೆಗೆ ಪಾರ್ಟಿಗೆ ತೋರಿಸ್ಲಿಕ್ಕೆ ಹೋಗ್ಬೇಡಿ.