ವಿಆರ್ ರೇಸಿಂಗ್‌ಗೆ ಮೋಷನ್ ಸೀಟು: ಕೊಳ್ಳುವ ಮುನ್ನ ಅಳೆಯಬೇಕಾದ್ದು

ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಮೊಬೈಲ್ ನೋಡಿದರೆ ಹೊಟ್ಟೆ ತೊಳಸುತ್ತದೆ. ಮೈ ಓಲಾಡುತ್ತಿದೆ ಎಂದು ಒಳಗಿವಿ ಹೇಳುತ್ತದೆ, ಎಲ್ಲ ನಿಂತಲ್ಲೇ ಇದೆ ಎಂದು ಕಣ್ಣು ಹೇಳುತ್ತದೆ. ವಿಆರ್ ಹೆಡ್‌ಸೆಟ್ ಹಾಕಿಕೊಂಡು ಮನೆಯ ಕುರ್ಚಿಯಲ್ಲಿ ಕಾರು ಓಡಿಸುವಾಗ ಇದೇ ಜಗಳ ತಿರುಗುಮುರುಗಾಗುತ್ತದೆ. ಕಣ್ಣಿನ ಪಾಲಿಗೆ ಕಾರು ಗಂಟೆಗೆ 200 ಕಿ.ಮೀ. ವೇಗದಲ್ಲಿದೆ, ಮೈ ಮಾತ್ರ ಕದಲಿಲ್ಲ. ಈ ಜಗಳ ಬಿಡಿಸಲಿಕ್ಕೆ ಇರುವುದು ಮೋಷನ್ ಸೀಟು, ಅಂದರೆ ಆಟದ ಕಾರಿನೊಡನೆ ಮೈಯನ್ನೂ ಅಲುಗಿಸುವ ಸೀಟು. ಆಯ್ಕೆ ತಪ್ಪಿದರೆ ಅದೇ ಬೆಂಕಿಗೆ ತುಪ್ಪ ಸುರಿಯುತ್ತದೆ.

ಡಿಒಎಫ್ ಎಂಬ ದೊಡ್ಡ ಅಂಕಿ

ಕ್ಯಾಟಲಾಗ್‌ನಲ್ಲಿ ಮೊದಲು ಕಣ್ಣಿಗೆ ಬೀಳುವುದು ಡಿಒಎಫ್ ಸಂಖ್ಯೆ, ಅಂದರೆ ಯಂತ್ರ ಎಷ್ಟು ಬಗೆಯಲ್ಲಿ ಕದಲಬಲ್ಲದು ಎಂಬುದು. 2 ಡಿಒಎಫ್ ಎಂದರೆ ಸಾಮಾನ್ಯವಾಗಿ ಪಿಚ್ ಮತ್ತು ರೋಲ್: ಮುಂದೆ-ಹಿಂದೆ ಬಾಗುವುದು, ಎಡ-ಬಲಕ್ಕೆ ವಾಲುವುದು. ನೇರ ಮೇಲೆ-ಕೆಳಗೆ ಏರಿಳಿಯುವುದು ಹೀವ್. ಹಿಂಭಾಗ ಪಕ್ಕಕ್ಕೆ ಜಾರುವುದನ್ನು ಟ್ರ್ಯಾಕ್ಷನ್ ಲಾಸ್ ಎನ್ನುತ್ತಾರೆ. 6 ಡಿಒಎಫ್‌ನಲ್ಲಿ ಇಡೀ ಯಂತ್ರ ಮುಂದಕ್ಕೂ ಪಕ್ಕಕ್ಕೂ ಸರಿಯಬಲ್ಲದು.

ಇಲ್ಲೊಂದು ಗುಟ್ಟಿದೆ. ‘3 ಡಿಒಎಫ್’ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಯಂತ್ರಗಳು ಮಾರಾಟವಾಗುತ್ತವೆ. ಒಂದರಲ್ಲಿ ಮೂರನೆಯದು ಹೀವ್, ಇನ್ನೊಂದರಲ್ಲಿ ಟ್ರ್ಯಾಕ್ಷನ್ ಲಾಸ್. ರಸ್ತೆಯ ಉಬ್ಬು, ಟ್ರ್ಯಾಕಿನ ಅಂಚಿನ ಕರ್ಬ್, ರ‍್ಯಾಲಿಯ ಜಿಗಿತ ಎಲ್ಲವೂ ಮೈಗೆ ಮುಟ್ಟುವುದು ಹೀವ್‌ನಿಂದ. ಡ್ರಿಫ್ಟಿಂಗ್ ಒಂದೇ ನಿಮ್ಮ ಹುಚ್ಚಾಗಿರದಿದ್ದರೆ ಹೀವ್ ಇರುವುದನ್ನೇ ಆರಿಸಿ. ಹೀವ್ ಇರುವ ಚುರುಕಾದ 3 ಡಿಒಎಫ್, ನಿಧಾನವಾಗಿ ತೊನೆಯುವ ಅಗ್ಗದ 6 ಡಿಒಎಫ್‌ಗಿಂತ ಎಷ್ಟೋ ಮೇಲು.

ಸೀಟು ಮಾತ್ರ ಕದಲುವುದೋ, ಇಡೀ ರಿಗ್ಗೋ?

ಸೀಟು, ಸ್ಟಿಯರಿಂಗ್, ಪೆಡಲ್ ಕೂರಿಸುವ ಚೌಕಟ್ಟೇ ರಿಗ್. ಮೊದಲ ಬಗೆಯಲ್ಲಿ ಸೀಟಿನ ಅಡಿಗೆ ಮೋಟಾರು ಇರುತ್ತದೆ. ಸ್ಟಿಯರಿಂಗ್, ಪೆಡಲ್ ನೆಲಕ್ಕೆ ಅಂಟಿಕೊಂಡಿರುತ್ತವೆ. ಬೆಲೆ ಕಡಿಮೆ, ಜಾಗವೂ ಕಡಿಮೆ. ಆದರೆ ಬ್ರೇಕ್ ಒತ್ತಿದ ಕ್ಷಣವೇ ಸೀಟು ಮುಂದೆ ಬಾಗಿ ಕಾಲಿಗೂ ಪೆಡಲಿಗೂ ನಡುವಿನ ಅಂತರ ಬದಲಾಗುತ್ತದೆ. ಲೋಡ್‌ಸೆಲ್ ಬ್ರೇಕ್ ಇದ್ದರೆ ತೊಂದರೆ ಇನ್ನೂ ಹೆಚ್ಚು. ಅದು ಕಾಲಿನ ಚಲನೆಯನ್ನಲ್ಲ, ಒತ್ತಡವನ್ನು ಅಳೆಯುತ್ತದೆ. ನೀವು 60 ಕೆ.ಜಿ. ಬಲದಿಂದ ತುಳಿದರೆ ಅಷ್ಟೇ ಬಲ ಬೆನ್ನಿನ ಮೂಲಕ ಸೀಟನ್ನು ಹಿಂದಕ್ಕೆ ತಳ್ಳುತ್ತದೆ, ಮೋಟಾರು ಅದರೊಡನೆ ಗುದ್ದಾಡುತ್ತದೆ. ಪ್ರತಿ ಸುತ್ತಿನಲ್ಲೂ ಒಂದೇ ಹದದ ಬ್ರೇಕ್ ಬೇಕೆನ್ನುವವರಿಗೆ ಇದು ಹೊಂದದು.

ಎರಡನೆಯ ಬಗೆಯಲ್ಲಿ ಅಲ್ಯೂಮಿನಿಯಂ ಪ್ರೊಫೈಲ್‌ನ ಇಡೀ ರಿಗ್‌ ಅನ್ನು ನಾಲ್ಕು ಮೂಲೆಯ ಆಕ್ಚುಯೇಟರ್‌ಗಳು (ಮೋಟಾರಿನಿಂದ ಚಾಚಿ ಕುಗ್ಗುವ ಕಂಬಗಳು) ಎತ್ತಿ ಇಳಿಸುತ್ತವೆ. ಸೀಟು, ಪೆಡಲ್, ಸ್ಟಿಯರಿಂಗ್ ಒಟ್ಟಿಗೇ ಕದಲುತ್ತವೆ. ವಿಆರ್‌ಗೆ ಇದೇ ಸರಿ. ಕಣ್ಣಿಗೆ ಕಾಣುವ ಸ್ಟಿಯರಿಂಗ್ ಒಂದು ಕಡೆ, ಕೈಗೆ ಸಿಗುವುದು ಇನ್ನೊಂದು ಕಡೆ ಎಂಬ ಗೊಂದಲವೇ ಇರುವುದಿಲ್ಲ.

ಎಷ್ಟು ಎತ್ತರ, ಎಷ್ಟು ವೇಗ

ಆಕ್ಚುಯೇಟರ್ ಎಷ್ಟು ಉದ್ದ ಚಾಚಬಲ್ಲದು ಎಂಬುದು ಸ್ಟ್ರೋಕ್. 100 ಮಿ.ಮೀ. ಸ್ಟ್ರೋಕ್‌ನ ನಾಲ್ಕು ಆಕ್ಚುಯೇಟರ್ ಇವೆ, ಮುಂದಿನ ಜೋಡಿಗೂ ಹಿಂದಿನ ಜೋಡಿಗೂ 1,200 ಮಿ.ಮೀ. ಅಂತರ ಎಂದುಕೊಳ್ಳಿ. ಹಿಂದಿನವು ಪೂರ್ತಿ ಏರಿ ಮುಂದಿನವು ಪೂರ್ತಿ ಇಳಿದರೂ ರಿಗ್ ಬಾಗುವುದು ಸುಮಾರು 4.8 ಡಿಗ್ರಿ ಅಷ್ಟೇ. ಆ ಓರೆಯಲ್ಲಿ ಮೈಗೆ ಸಿಗುವ ಮುಂದೊತ್ತು 0.08 ಜಿ, ಅಂದರೆ ಭೂಮಿಯ ಸೆಳೆತದ ನೂರರಲ್ಲಿ ಎಂಟು ಪಾಲು. ಗಟ್ಟಿಯಾಗಿ ಬ್ರೇಕ್ ಹಾಕಿದ ರೇಸ್ ಕಾರು ಕೊಡುವುದು 1 ಜಿ.ಗೂ ಮೀರಿ. ‘ನಿಜವಾದ ಜಿ ಫೋರ್ಸ್’ ಎಂಬ ಜಾಹೀರಾತಿಗೆ ಮರುಳಾಗಬೇಡಿ. ಮನೆಯ ಯಾವ ಸೀಟೂ ಅದನ್ನು ಹಿಡಿದಿಡಲಾರದು. ಅದು ಕೊಡುವುದು ಆರಂಭದ ಎಳೆತವನ್ನು. ಉಳಿದದ್ದನ್ನು ಕಣ್ಣು ತುಂಬಿಕೊಳ್ಳುತ್ತದೆ.

ಹಾಗಾಗಿ ಸ್ಟ್ರೋಕ್‌ಗಿಂತ ವೇಗವನ್ನು ಹೆಚ್ಚು ಕೆದಕಿ ಕೇಳಬೇಕು. ಆಕ್ಚುಯೇಟರ್ ಒಳಗಿನ ಸ್ಕ್ರೂ ಒಂದು ಸುತ್ತಿಗೆ 5 ಮಿ.ಮೀ. ಮುಂದೆ ಸಾಗುವಂಥದ್ದು, ಮೋಟಾರು ನಿಮಿಷಕ್ಕೆ 3,000 ಸುತ್ತು ತಿರುಗುವಂಥದ್ದು ಎಂದಾದರೆ ಸೆಕೆಂಡಿಗೆ 250 ಮಿ.ಮೀ. ವೇಗ. 10 ಮಿ.ಮೀ. ಸ್ಕ್ರೂ ಹಾಕಿದರೆ ವೇಗ ದುಪ್ಪಟ್ಟು, ಎತ್ತುವ ಬಲ ಅರ್ಧ. ಸೆಕೆಂಡಿಗೆ 100 ಮಿ.ಮೀ. ದಾಟದ ಯಂತ್ರ ವಾಲುವುದಕ್ಕೇನೋ ಸಾಕು. ಕರ್ಬ್‌ನ ಕಟಕಟ ಅದರಲ್ಲಿ ಬರುವುದಿಲ್ಲ, ಬಂದರೂ ತಡವಾಗಿ ಬರುತ್ತದೆ. ವಿಆರ್‌ನಲ್ಲಿ ತಡವಾಗಿ ಬಂದ ಅಲುಗಾಟ ಬಾರದಿದ್ದುದಕ್ಕಿಂತ ಕೆಟ್ಟದ್ದು.

ಹೆಡ್‌ಸೆಟ್ ಒಪ್ಪುತ್ತದೆಯೇ?

ಹೆಚ್ಚಿನವರು ಎಡವುವುದು ಇಲ್ಲಿ. ಹೆಡ್‌ಸೆಟ್‌ನ ಕ್ಯಾಮೆರಾಗಳು ಕೋಣೆಯ ಗೋಡೆ, ಕಿಟಕಿ ನೋಡಿ ತಲೆ ಎಲ್ಲಿದೆ ಎಂದು ಲೆಕ್ಕ ಹಾಕುತ್ತವೆ. ಸೀಟು ವಾಲಿತೋ, ತಲೆಯೇ ವಾಲಿತೋ ಎಂಬ ವ್ಯತ್ಯಾಸ ಅದಕ್ಕೆ ತಿಳಿಯದು. ತಿರುಗಣೆಯಿಂದ 900 ಮಿ.ಮೀ. ಮೇಲೆ ತಲೆ ಇದ್ದು ಸೀಟು 5 ಡಿಗ್ರಿ ವಾಲಿದರೆ ತಲೆ ಸುಮಾರು 80 ಮಿ.ಮೀ. ಸರಿಯುತ್ತದೆ. ಆಟದೊಳಗಿನ ಕಾರಿನಲ್ಲಿ ನೀವು ಅಷ್ಟು ಪಕ್ಕಕ್ಕೆ ಬಾಗಿದಂತೆ ಕಾಣುತ್ತದೆ, ಡ್ಯಾಶ್‌ಬೋರ್ಡ್ ತೇಲಾಡುತ್ತದೆ. ಮಾನಿಟರ್ ಮುಂದೆ ಆಡುವವರಿಗೆ ಈ ಕಾಟವೇ ಇಲ್ಲ.

ಪರಿಹಾರದ ಹೆಸರು ಮೋಷನ್ ಕಾಂಪೆನ್ಸೇಷನ್: ಸೀಟಿನ ಚಲನೆಯನ್ನು ತಲೆಯ ಚಲನೆಯಿಂದ ಕಳೆಯುವ ಸಾಫ್ಟ್‌ವೇರ್. ಪಿಸಿಯಲ್ಲಿ ಓಪನ್‌ಎಕ್ಸ್‌ಆರ್ ಎಂಬ ವಿಆರ್ ಮಾನದಂಡ ಬಳಸುವ ಆಟಗಳಿಗೆ ಇದು ಉಚಿತವಾಗಿಯೇ ಸಿಗುತ್ತದೆ. ಸೀಟು ಎಲ್ಲಿದೆ ಎಂದು ಅದಕ್ಕೆ ಹೇಳಲು ಎರಡು ದಾರಿ. ಒಂದು, ರಿಗ್‌ಗೆ ಟ್ರ್ಯಾಕರ್ ಅಥವಾ ಹೆಡ್‌ಸೆಟ್‌ನ ಕಂಟ್ರೋಲರ್ ಬಿಗಿಯುವುದು. ಕ್ಯಾಮೆರಾ ಹೆಡ್‌ಸೆಟ್‌ನಲ್ಲೇ ಇದ್ದರೆ ಕಂಟ್ರೋಲರ್ ಮುಖದ ಮುಂದೆ, ಸ್ಟಿಯರಿಂಗ್ ಆಸುಪಾಸಿನಲ್ಲಿರಬೇಕು. ಬೆನ್ನ ಹಿಂದೆ ಕಟ್ಟಿದರೆ ಕ್ಯಾಮೆರಾಕ್ಕೆ ಕಾಣದೆ ಲೆಕ್ಕ ಜಾರುತ್ತದೆ. ಇನ್ನೊಂದು, ಸೀಟಿನ ಸಾಫ್ಟ್‌ವೇರೇ ತನ್ನ ಸ್ಥಾನವನ್ನು ನೇರವಾಗಿ ಕಳಿಸುವುದು. ಫ್ಲೈಪಿಟಿ ಮೂವರ್, ಸಿಮ್ ರೇಸಿಂಗ್ ಸ್ಟುಡಿಯೋದಂಥವು ಇದನ್ನು ಮಾಡುತ್ತವೆ. ಮಾರುವವರಿಗೆ ಒಂದೇ ಪ್ರಶ್ನೆ ಹಾಕಿ: ‘ನಿಮ್ಮ ಸೀಟಿಗೆ ಮೋಷನ್ ಕಾಂಪೆನ್ಸೇಷನ್ ಹೇಗೆ ಹೊಂದಿಸುವುದು?’ ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಉತ್ತರ ಬಂದರೆ ಅದು ಇಲ್ಲವೆಂದೇ ತಿಳಿಯಿರಿ.

ಸೋನಿಯ ಪಿಎಸ್5 ಕನ್ಸೋಲ್‌ನಲ್ಲಿ ಇಂಥ ಸಾಫ್ಟ್‌ವೇರ್ ಹಾಕಲು ಬರುವುದಿಲ್ಲ. ಗ್ರ್ಯಾನ್ ಟುರಿಸ್ಮೊ 7ರ ಮಾಹಿತಿಯನ್ನು ಮನೆಯ ನೆಟ್‌ವರ್ಕ್ ಮೂಲಕ ಪಿಸಿಗೆ ತಂದು ಸೀಟು ಅಲುಗಿಸಬಹುದು, ಆದರೆ ಅದರ ಹೆಡ್‌ಸೆಟ್ ಪಿಎಸ್‌ವಿಆರ್2ನಲ್ಲಿ ನೋಟ ತೇಲುವುದು ತಪ್ಪದು. ಅಂಥವರು ವಾಲಾಟವನ್ನು 1-2 ಡಿಗ್ರಿಗೆ ಇಳಿಸಿ, ಸೀಟಿನ ಕೆಳಗೆ ಬೇಸ್ ಶೇಕರ್ (ಸದ್ದನ್ನು ನಡುಕವಾಗಿಸುವ ಉಪಕರಣ) ಕೂರಿಸಿದರೆ ಜಾಣತನ. ಎಂಜಿನ್ನಿನ ನಡುಕ, ಗೇರಿನ ಹೊಡೆತ ಅದರಿಂದಲೇ ಚೆನ್ನಾಗಿ ಬರುತ್ತದೆ, ಖರ್ಚೂ ಹಗುರ.

ಸೀಟಿನ ಆಕಾರವನ್ನೂ ಹೆಡ್‌ಸೆಟ್ ಹಾಕಿಕೊಂಡೇ ನೋಡಿ. ತಲೆಯ ಎರಡೂ ಬದಿಗೆ ರೆಕ್ಕೆ ಇರುವ ಬಕೆಟ್ ಸೀಟು ಫೋಟೋದಲ್ಲಿ ಚೆಂದ. ಹೆಡ್‌ಸೆಟ್‌ನ ಪಕ್ಕದ ಕ್ಯಾಮೆರಾಗಳಿಗೆ ಅದು ಮರೆಯಾಗುತ್ತದೆ. ತಲೆಯ ಹಿಂದಿನ ಗಟ್ಟಿ ಪಟ್ಟಿ ಸೀಟಿಗೆ ಒರಗಿದರೆ ಪ್ರತಿ ಉಬ್ಬಿಗೂ ಹೆಡ್‌ಸೆಟ್ ಮೂಗಿನ ಮೇಲೆ ಕುಪ್ಪಳಿಸುತ್ತದೆ.

ಭಾರ, ಜಾಗ, ಕರೆಂಟು

ರಿಗ್, ಸೀಟು, ವೀಲ್‌ಬೇಸ್ (ಸ್ಟಿಯರಿಂಗ್ ಹಿಂದಿನ ಮೋಟಾರು), ಪೆಡಲ್, ಕೂರುವವರ ತೂಕ ಎಲ್ಲ ಕೂಡಿಸಿ. 70 ಕೆ.ಜಿ. ರಿಗ್, 25 ಕೆ.ಜಿ. ಸಾಮಾನು, 85 ಕೆ.ಜಿ. ಆಳು ಎಂದರೆ 180 ಕೆ.ಜಿ. ಆಯಿತು. ಯಂತ್ರದ ಮಿತಿ ಅದಕ್ಕಿಂತ ಕಾಲುಭಾಗವಾದರೂ ಹೆಚ್ಚಿರಲಿ, ಅಂದರೆ ಇಲ್ಲಿ 225 ಕೆ.ಜಿ. ಆಗಿರಲಿ. ಮಿತಿಗೆ ಅಂಟಿಕೊಂಡ ಯಂತ್ರ ಬಿಸಿಯಾಗಿ ಮಂದವಾಗುತ್ತದೆ. ಸುತ್ತಲೂ ಎರಡಡಿ ಖಾಲಿ ಬಿಡಿ. ವಿಟ್ರಿಫೈಡ್ ಟೈಲ್ಸ್ ಮೇಲೆ ಆಕ್ಚುಯೇಟರ್ ಪಾದ ಜಾರುತ್ತದೆ, ದಪ್ಪ ರಬ್ಬರ್ ಮ್ಯಾಟ್ ಬೇಕು. ಅಪಾರ್ಟ್‌ಮೆಂಟ್ ಆದರೆ ಕೆಳಮನೆಯವರ ನಿದ್ದೆಗೂ ಅದೇ ಮದ್ದು.

ಕರೆಂಟಿನ ವಿಷಯದಲ್ಲಿ ಉದಾಸೀನ ಬೇಡ. 6 ಆಂಪಿಯರ್ ಪಾಯಿಂಟ್ 230 ವೋಲ್ಟ್‌ನಲ್ಲಿ ಹೆಚ್ಚೆಂದರೆ 1,380 ವ್ಯಾಟ್ ಕೊಡುತ್ತದೆ. 750 ವ್ಯಾಟ್‌ನ ನಾಲ್ಕು ಸರ್ವೋ ಮೋಟಾರು ಒಟ್ಟಿಗೆ ಎಳೆದರೆ 3,000 ವ್ಯಾಟ್. ಸದಾ ಅಷ್ಟು ಎಳೆಯುವುದಿಲ್ಲ, ಆದರೂ ಗೀಸರ್‌ಗೆ ಕೊಡುವಂಥ 16 ಆಂಪಿಯರ್ ಪಾಯಿಂಟನ್ನೇ ಮೀಸಲಿಡಿ. ಪಿಸಿಗೆ ಬೇರೆ ಪಾಯಿಂಟು. ಅರ್ತಿಂಗ್ ಸರಿಯಿಲ್ಲದಿದ್ದರೆ ಸರ್ವೋ ಡ್ರೈವ್‌ನ ವಿದ್ಯುತ್ ಗದ್ದಲ ಯುಎಸ್‌ಬಿ ತಂತಿಗೆ ಹತ್ತಿ, ರೇಸಿನ ನಡುವೆ ಸ್ಟಿಯರಿಂಗ್ ಸತ್ತುಹೋಗುತ್ತದೆ. ರಿಗ್‌ನ ಚೌಕಟ್ಟಿಗೆ ಅರ್ತ್ ವೈರ್ ಎಳೆಸಿ, ಮೋಟಾರು ತಂತಿ ಮತ್ತು ಯುಎಸ್‌ಬಿಯನ್ನು ಬೇರೆ ಬೇರೆ ಬದಿಯಿಂದ ಒಯ್ಯಿರಿ. ಕರೆಂಟು ಹೋದಾಗ ಬಾಲ್‌ಸ್ಕ್ರೂ ಯಂತ್ರ ಸಾಮಾನ್ಯವಾಗಿ ಭಾರಕ್ಕೆ ಕೆಳಗಿಳಿಯುತ್ತದೆ, ವರ್ಮ್ ಗೇರ್‌ನದು ವಾಲಿದಲ್ಲೇ ನಿಲ್ಲುತ್ತದೆ. ರಿಗ್ ಇಳಿಯುವಾಗ ಅಡಿಯಲ್ಲಿ ಮಗುವಿನ ಕೈ, ಬೆಕ್ಕಿನ ಬಾಲ ಇರಬಾರದು. ಕೆಂಪು ಎಮರ್ಜೆನ್ಸಿ ಬಟನ್ ಇಲ್ಲದ ಯಂತ್ರವನ್ನು ಬಿಟ್ಟಿ ಕೊಟ್ಟರೂ ಬೇಡ.

ಕೂತು ನೋಡುವ ಇಪ್ಪತ್ತು ನಿಮಿಷ

ಷೋರೂಮಿಗೆ ನಿಮ್ಮದೇ ಹೆಡ್‌ಸೆಟ್ ಒಯ್ದು ಕನಿಷ್ಠ 20 ನಿಮಿಷ ಕೂರಿ. ಎರಡು ನಿಮಿಷದ ಡೆಮೊದಲ್ಲಿ ಎಲ್ಲವೂ ಅದ್ಭುತ. ಆಟದಲ್ಲಿ ಜರ್ಮನಿಯ ನೂರ್ಬರ್ಗ್‌ರಿಂಗ್ ಟ್ರ್ಯಾಕಿನ ಕಾರುಸೆಲ್ ತಿರುವಿಗೆ ಹೋಗಿ: ಓರೆಯಾದ ಕಾಂಕ್ರೀಟ್ ಹಾಸಿನ ಮೇಲೆ ಇಳಿಯುತ್ತಲೇ ಸೀಟು ವಾಲಬೇಕು, ಹಾಸುಗಳ ಸಂದು ಒಂದೊಂದಾಗಿ ಬೆನ್ನಿಗೆ ತಾಗಬೇಕು. ಎಲ್ಲ ಕಲಸಿ ಒಂದೇ ನಡುಕವಾದರೆ ಯಂತ್ರ ನಿಧಾನ. ಬಳಿಕ ನೇರ ದಾರಿಯಲ್ಲಿ ಜೋರಾಗಿ ಬ್ರೇಕ್ ಒತ್ತಿ ಹಿಡಿಯಿರಿ. ಮೂತಿ ತಗ್ಗಬೇಕು, ಹೆಡ್‌ಸೆಟ್‌ನಲ್ಲಿ ಡ್ಯಾಶ್‌ಬೋರ್ಡ್ ಅಲ್ಲಾಡಬಾರದು.

ಮನೆಗೆ ತಂದ ಮೇಲೆ

ಮೊದಲ ವಾರ ತೀವ್ರತೆ 25-30 ಶೇಕಡಾ ಸಾಕು. ಮೊದಲು ಹೀವ್ ಒಂದನ್ನೇ ಚಾಲೂ ಮಾಡಿ, ಆಮೇಲೆ ಪಿಚ್, ಕೊನೆಗೆ ರೋಲ್. ಒಟ್ಟಿಗೆ ಹಾಕಿದರೆ ತಪ್ಪು ಯಾವುದರಲ್ಲಿದೆ ಎಂದು ತಿಳಿಯುವುದಿಲ್ಲ. ಬ್ರೇಕಿಗೆ ಮೂತಿ ಮೇಲೆದ್ದರೆ ಪಿಚ್‌ನ ದಿಕ್ಕು ತಿರುವುಮುರುವಾಗಿದೆ. ಸಾಫ್ಟ್‌ವೇರ್‌ನಲ್ಲಿ ಒಂದು ಟಿಕ್ ಬದಲಿಸಿದರೆ ಸರಿಹೋಗುತ್ತದೆ. ಕಾಂಪೆನ್ಸೇಷನ್‌ನ ಸೊನ್ನೆ ಹೊಂದಿಸುವುದು ಸೀಟು ಮಟ್ಟಸವಾಗಿ ನಿಂತಾಗ, ನೀವು ಓಡಿಸುವ ಭಂಗಿಯಲ್ಲೇ ಕೂತು.

ಡರ್ಟ್ ರ‍್ಯಾಲಿ 2.0ದಲ್ಲಿ ಸೀಟು ಮಿಸುಕದಿದ್ದರೆ ಮೋಟಾರನ್ನು ಬೈಯಬೇಡಿ. ಆ ಆಟ ಮಾಹಿತಿ ಕಳಿಸುವುದು 20777 ಎಂಬ ಪೋರ್ಟಿಗೆ, ಅಂದರೆ ಕಂಪ್ಯೂಟರಿನ ಆ ಸಂಖ್ಯೆಯ ಬಾಗಿಲಿಗೆ. ಆಟದ ಮಾಹಿತಿ ಪಡೆದು ಬೇರೆ ಉಪಕರಣಗಳಿಗೆ ಹಂಚುವ ಸಿಮ್‌ಹಬ್ ಸಾಫ್ಟ್‌ವೇರ್ ಅಲ್ಲಿ ಮೊದಲೇ ಕಿವಿಗೊಟ್ಟು ಕೂತಿದ್ದರೆ ಸೀಟಿನ ಸಾಫ್ಟ್‌ವೇರ್‌ಗೆ ಏನೂ ತಲುಪದು. ಸಿಮ್‌ಹಬ್‌ನಿಂದ ಬೇರೆ ಪೋರ್ಟಿಗೆ ಫಾರ್ವರ್ಡ್ ಮಾಡಿ.

ಎಲ್ಲ ಸರಿಯಿದ್ದೂ ರಿಗ್ ಒಂದು ಮೂಲೆಯಲ್ಲಿ ಟಕಟಕ ಎಂದರೆ ಬೋಲ್ಟ್ ಸಡಿಲ. ಸೀಟಿನ ಬ್ರ್ಯಾಕೆಟ್‌ನ ಎಂ8 ಬೋಲ್ಟ್‌ಗಳಿಗೆ ನೈಲಾನ್ ಉಂಗುರವಿರುವ ನೈಲಾಕ್ ನಟ್, ಪ್ರೊಫೈಲ್‌ನವಕ್ಕೆ ನೀಲಿ ಥ್ರೆಡ್‌ಲಾಕ್ ಅಂಟು ಹಾಕಿ ಬಿಗಿಯಿರಿ. ಬಿಗಿದ ಮೇಲೆ ಬೋಲ್ಟಿನ ತಲೆಯಿಂದ ಚೌಕಟ್ಟಿನವರೆಗೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆದಿಡಿ. ಯಾವುದು ಸಡಿಲವಾಗಿದೆಯೋ ಅದರ ಗೆರೆ ಮುರಿದು ಕಾಣುತ್ತದೆ.