ಪಾದರಸದ ಹಳೆ ಬಿಪಿ ಯಂತ್ರ: ಕೊನೆಗೆ ಸರಿಹೋದ ದಾರಿ

ಹಳೆ ಬಿಪಿ ಯಂತ್ರದ ಪೆಟ್ಟಿಗೆಯೊಳಗೆ ಪಾದರಸದ ಹನಿಗಳು ಉರುಳಾಡುತ್ತಿದ್ದವು. ಗುಜರಿಯವರು ಬೇಡ ಎಂದರು. ಔಷಧಿ ಅಂಗಡಿಯವರೂ ತೆಗೆದುಕೊಳ್ಳಲಿಲ್ಲ. ಕಸಕ್ಕೋ ಚರಂಡಿಗೋ ಹಾಕುವಂತಿಲ್ಲ, ಪಾದರಸ ನೀರಿಗೆ ಸೇರುತ್ತದೆ ಅಲ್ವಾ?

ಸರಿಹೋದದ್ದು ಹೀಗೆ. ಕಿಟಕಿ ತೆರೆದೆ, ಚಿನ್ನದ ಉಂಗುರ ತೆಗೆದಿಟ್ಟೆ (ಪಾದರಸ ಚಿನ್ನಕ್ಕೆ ಅಂಟುತ್ತದೆ), ಕೈಗವಸು ಹಾಕಿದೆ. ಯಂತ್ರವನ್ನು ಪಾದರಸದ ತೊಟ್ಟಿಯ ಕಡೆಗೆ ವಾಲಿಸಿದೆ. ಗಾಜಿನ ಕೊಳವೆಯಲ್ಲಿದ್ದದ್ದೆಲ್ಲ ತೊಟ್ಟಿಗೆ ಇಳಿದ ಮೇಲೇ ಲಾಕ್ (ಪಾದರಸ ತೊಟ್ಟಿಯಿಂದ ಹೊರಬರದಂತೆ ತಡೆಯುವ ಕೀಲಿ) ಮುಚ್ಚಬೇಕು. ಮುಂಚೆಯೇ ಮುಚ್ಚಿದರೆ ಕೊಳವೆಯಲ್ಲಿ ಉಳಿದದ್ದು ದಾರಿಯಲ್ಲಿ ಸೋರಬಹುದು. ಟಾರ್ಚನ್ನು ಓರೆಯಾಗಿ ಹಿಡಿದರೆ ಸಣ್ಣ ಹನಿಗಳೂ ಮಿನುಗುತ್ತವೆ. ದೊಡ್ಡವನ್ನು ಡ್ರಾಪರ್‌ನಿಂದ, ಸಣ್ಣವನ್ನು ಅಂಟುಪಟ್ಟಿಯಿಂದ ತೆಗೆದೆ. ಪೊರಕೆ, ವ್ಯಾಕ್ಯೂಮ್ ಬೇಡವೇ ಬೇಡ. ಹನಿ ಚದುರಿ ಆವಿ ಜಾಸ್ತಿಯಾಗುತ್ತದೆ. ಎಲ್ಲವನ್ನೂ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ‘ಪಾದರಸ’ ಎಂದು ಬರೆದೆ. ಮೊದಲೇ ಫೋನ್ ಮಾಡಿ ಕೇಳಿಕೊಂಡು, ಯಂತ್ರದ ಸಮೇತ ಅಪಾಯಕಾರಿ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಿದೆ.